ರಾತ್ರಿ ಚಪ್ಪಾಳೆ, ಬೆಳಿಗ್ಗೆ ಸೀಟಿ

1/10

ಫೋಟೋದಲ್ಲಿರೋದು ನಮ್ಮನೆ ಮೆತ್ತಿ. ಒಂದು ಚಾಪೆ, ಒಂದು ಲ್ಯಾಪ್‌ಟಾಪ್, ಐದು ಜೋಡಿ ಕಾಲು. ಮುಖ ಬೇಕಂತಲೇ ಹಾಕಿಲ್ಲ.

ಕಳೆದ ಶನಿವಾರ ರಾತ್ರಿ ಕರ್ಕಿಯಲ್ಲಿ ಜೋರು ಮಳೆ. ಎರಡು ಸಲ ಕರೆಂಟ್ ಹೋಗಿ ಬಂತು. ನಾವು ಐದು ಜನ ಕೂತು ‘ಮಿಲ್ಕ್’ ನೋಡಿದೆವು. 2008ರ ಇಂಗ್ಲಿಷ್ ಸಿನಿಮಾ. ಹೆಸರು ಕೇಳಿ ಒಬ್ಬ ಹಾಲಿನ ಡೈರಿ ಕಥೆ ಅಂದ್ಕೊಂಡು ಬಂದಿದ್ದ! ಅಲ್ಲ. ಇದು ಹಾರ್ವಿ ಮಿಲ್ಕ್ ಅನ್ನೋ ಅಮೆರಿಕದ ರಾಜಕಾರಣಿಯ ಜೀವನಕಥೆ. ತಾನು ಗೇ ಅನ್ನೋದನ್ನು ಮುಚ್ಚಿಡದೆ ಚುನಾವಣೆಗೆ ನಿಂತು ಗೆದ್ದವನು. ನಿರ್ದೇಶನ ಗಸ್ ವ್ಯಾನ್ ಸ್ಯಾಂಟ್. ಮಿಲ್ಕ್ ಪಾತ್ರ ಮಾಡಿದ ಶಾನ್ ಪೆನ್‌ಗೆ ಆಸ್ಕರ್ ಬಂತು, ಚಿತ್ರಕಥೆ ಬರೆದ ಡಸ್ಟಿನ್ ಲ್ಯಾನ್ಸ್ ಬ್ಲ್ಯಾಕ್‌ಗೂ ಬಂತು.

ಕೊನೆಯಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡ್ಕೊಂಡು ಬೀದಿ ತುಂಬ ನಡೀತಾರೆ. ಆಗ ಮೆತ್ತಿಯ ಮೇಲೆ ಯಾರೂ ಮಾತಾಡಲಿಲ್ಲ. ಒಬ್ಬ ಕಣ್ಣು ಒರೆಸಿಕೊಂಡು “ಸೊಳ್ಳೆಬತ್ತಿ ಹೊಗೆ” ಅಂದ.

ಐದು ನಿಮಿಷ ಬಿಟ್ಟು ಅದೇ ಹುಡುಗ ಹೇಳಿದ: “ಸಿನಿಮಾ ಅಡ್ಡಿಲ್ಲ ಮಾರಾಯ. ಆದ್ರೆ ಇದೆಲ್ಲ ಅಲ್ಲಿಯದು. ನಮ್ಮೂರಿಗೆ ಎಂತಕ್ಕೆ? ನಮ್ಮಲ್ಲಿ ಅಂಥವರು ಯಾರಿದ್ದಾರೆ ಹೇಳು?”

ಆವತ್ತು ನಾನು ಸುಮ್ಮನಿದ್ದೆ. ಚಾಪೆ ಸುತ್ತಿಟ್ಟು ಮಲಗಿದೆ, ನಿದ್ದೆ ಬರಲಿಲ್ಲ. ಈ ಹತ್ತು ಪೋಸ್ಟು ಅವನ ಪ್ರಶ್ನೆಗೆ ಉತ್ತರ. ಅವನೊಬ್ಬನಿಗೇ ಅಲ್ಲ, ನನ್ನ ಕ್ಲಾಸಿನವರಿಗೆ, ಜೂನಿಯರ್‌ಗಳಿಗೆ, ಹೊನ್ನಾವರ-ಕುಮಟಾ ಬಸ್ಸಲ್ಲಿ ಕೂತು ಇದನ್ನು ಸ್ಕ್ರೋಲ್ ಮಾಡ್ತಿರೋ ನಿಮಗೂ. ಉದ್ದ ಇದೆ. ಸೇವ್ ಮಾಡ್ಕೊಂಡು ಓದಿ. ಆದ್ರೆ ಕೊನೆ ತನಕ ಓದಿ, ಬೈಯೋದಿದ್ರೆ ಆಮೇಲೆ ಬೈಯಿರಿ.

2/10

ಮೊದಲು ಕಥೆ, ಸಿನಿಮಾ ನೋಡದವರಿಗಾಗಿ.

ಹಾರ್ವಿ ಮಿಲ್ಕ್ ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ನೌಕಾಪಡೆಯಲ್ಲಿದ್ದ, ಶಾಲೆಯಲ್ಲಿ ಪಾಠ ಮಾಡಿದ, ವಾಲ್‌ಸ್ಟ್ರೀಟಲ್ಲಿ ಕೆಲಸ ಮಾಡಿದ. ಹೆಚ್ಚುಕಮ್ಮಿ ನಲವತ್ತು ವರ್ಷ ಆಗೋ ತನಕ ತನ್ನ ವಿಷಯ ಮುಚ್ಚಿಟ್ಟುಕೊಂಡೇ ಬದುಕಿದ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಕ್ಯಾಸ್ಟ್ರೋ ಬೀದಿಯಲ್ಲಿ ಒಂದು ಕ್ಯಾಮೆರಾ ಅಂಗಡಿ ಇಟ್ಟ. 1973, 1975, 1976. ಮೂರು ಚುನಾವಣೆ, ಮೂರರಲ್ಲೂ ಸೋಲು. 1977ರಲ್ಲಿ ನಾಲ್ಕನೇ ಸಲ ನಿಂತು ನಗರದ ಆಡಳಿತ ಮಂಡಳಿಗೆ ಗೆದ್ದ. ನಮ್ಮ ಲೆಕ್ಕದಲ್ಲಿ ನಗರಸಭೆ ಸದಸ್ಯ, ಅಷ್ಟೇ. ಪ್ರಧಾನಿಯೂ ಅಲ್ಲ, ಮಂತ್ರಿಯೂ ಅಲ್ಲ.

ಗೆದ್ದದ್ದು ಗೇ ಜನರ ವೋಟಿಂದ ಮಾತ್ರ ಅಲ್ಲ. ಲಾರಿ ಚಾಲಕರ ಯೂನಿಯನ್ನು ಒಂದು ಬೀರ್ ಕಂಪನಿ ಮೇಲೆ ಬಹಿಷ್ಕಾರ ಹಾಕಿತ್ತು. ಮಿಲ್ಕ್ ತನ್ನ ಬೀದಿಯ ಬಾರುಗಳಿಂದ ಆ ಬೀರನ್ನು ತೆಗೆಸಿದ. ಬದಲಿಗೆ ಕೇಳಿದ್ದು ಒಂದೇ: ನಮ್ಮ ಹುಡುಗರಿಗೂ ಲಾರಿ ಓಡಿಸೋ ಕೆಲಸ ಕೊಡಿ. ಕೊಟ್ಟರು. ಗೆದ್ದಮೇಲೆ ಅವನು ತಂದ ನಿಯಮಗಳಲ್ಲಿ ಜನಕ್ಕೆ ಬಹಳ ಹಿಡಿಸಿದ್ದು ಯಾವುದು ಗೊತ್ತಾ? ಸಾಕಿದ ನಾಯಿ ರಸ್ತೆಯಲ್ಲಿ ಹೇಸಿಗೆ ಮಾಡಿದ್ರೆ ಮಾಲೀಕನೇ ತೆಗೀಬೇಕು ಅನ್ನೋದು.

ಮನೆ ಬಾಡಿಗೆ, ಕೆಲಸ ಕೊಡೋವಾಗ ಗೇ ಜನರಿಗೆ ತಾರತಮ್ಯ ಮಾಡಬಾರದು ಅನ್ನೋ ನಿಯಮವೂ ಬಂತು. ಹನ್ನೊಂದು ಸದಸ್ಯರಲ್ಲಿ ವಿರೋಧ ಮಾಡಿದವನು ಒಬ್ಬನೇ, ಡ್ಯಾನ್ ವೈಟ್. ಅವನು ಆಮೇಲೆ ರಾಜೀನಾಮೆ ಕೊಟ್ಟ, ಮತ್ತೆ ಸೀಟು ವಾಪಸ್ ಕೇಳಿದ, ಮೇಯರ್ ಕೊಡಲಿಲ್ಲ. 1978ರ ನವೆಂಬರ್ 27ರಂದು ಕಿಟಕಿಯಿಂದ ಕಚೇರಿಯೊಳಗೆ ನುಗ್ಗಿ ಮೇಯರ್ ಜಾರ್ಜ್ ಮೋಸ್ಕೋನಿಯನ್ನೂ ಮಿಲ್ಕ್‌ನನ್ನೂ ಗುಂಡಿಟ್ಟು ಕೊಂದ. ಎರಡು ಜೀವಕ್ಕೆ ಅವನಿಗಾದ ಶಿಕ್ಷೆ ಏಳು ವರ್ಷ ಎಂಟು ತಿಂಗಳು.

ಮಿಲ್ಕ್ ಕುರ್ಚಿಯಲ್ಲಿ ಕೂತಿದ್ದು ಹನ್ನೊಂದು ತಿಂಗಳೂ ಇಲ್ಲ.

3/10

ಸಿನಿಮಾದಲ್ಲಿ ನನ್ನ ತಲೆಯಿಂದ ಹೋಗದೇ ಇರೋದು ಕೊಲೆಯ ದೃಶ್ಯ ಅಲ್ಲ. ಪ್ರೊಪೊಸಿಷನ್ 6.

1978ರಲ್ಲಿ ಜಾನ್ ಬ್ರಿಗ್ಸ್ ಅನ್ನೋ ಶಾಸಕ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಒಂದು ಪ್ರಸ್ತಾಪ ಇಟ್ಟ. ಸರ್ಕಾರಿ ಶಾಲೆಗಳಲ್ಲಿ ಗೇ ಮತ್ತು ಲೆಸ್ಬಿಯನ್ ಮಾಸ್ತರು, ಟೀಚರುಗಳು ಇರಬಾರದು, ಇದ್ರೆ ತೆಗೆದುಹಾಕಬೇಕು. ಇಷ್ಟೇ ಆಗಿದ್ರೆ ಒಂದು ಮಾತು. ಅದರಲ್ಲಿ ಇನ್ನೊಂದು ಕೊಕ್ಕೆ ಇತ್ತು. ಇಂಥದ್ದರ ಪರವಾಗಿ ಬಹಿರಂಗವಾಗಿ ಮಾತಾಡಿದವರನ್ನೂ ತೆಗೀಬಹುದು.

ಅಂದ್ರೆ ಹೆಂಡತಿ-ಮಕ್ಕಳಿರೋ ಗಣಿತದ ಮಾಸ್ತರರು “ಆ ಟೀಚರ್ ಒಳ್ಳೆಯವರು, ಬಿಡಿ” ಅಂದ್ರೂ ಸಾಕು, ಅವರ ಕೆಲಸಕ್ಕೂ ಕುತ್ತು.

ಎಂಥ ಲೆಕ್ಕಾಚಾರ ನೋಡಿ. ಒಬ್ಬರನ್ನು ಒಂಟಿ ಮಾಡಬೇಕಾದ್ರೆ ಅವರನ್ನು ಹೊಡೆಯೋದು ಬೇಕಾಗಿಲ್ಲ. ಅವರ ಪಕ್ಕ ನಿಂತವರಿಗೆ ಹೆದರಿಕೆ ಹುಟ್ಟಿಸಿದ್ರೆ ಆಯ್ತು.

ಮೊದಮೊದಲು ಪ್ರಸ್ತಾಪ ಗೆಲ್ಲೋ ಹಾಗೇ ಇತ್ತು. ಮಿಲ್ಕ್ ಮತ್ತು ಅವನ ಜೊತೆಯವರು ಊರೂರು ತಿರುಗಿದರು, ಮನೆಮನೆ ಬಾಗಿಲು ತಟ್ಟಿದರು, ಬ್ರಿಗ್ಸ್ ಎದುರೇ ಕೂತು ಚರ್ಚೆ ಮಾಡಿದರು. ಆಮೇಲೆ ಅಮೆರಿಕದ ಅಧ್ಯಕ್ಷನಾದ ರೊನಾಲ್ಡ್ ರೇಗನ್ ಇದ್ದಾನಲ್ಲ, ಪಕ್ಕಾ ಸಂಪ್ರದಾಯವಾದಿ, ಅವನೂ ಈ ಪ್ರಸ್ತಾಪ ಬೇಡ ಅಂದ. ನವೆಂಬರ್ 7ರ ಮತದಾನದಲ್ಲಿ ಸುಮಾರು 58 ಪರ್ಸೆಂಟ್ ಜನ ‘ಬೇಡ’ ಅಂತ ಒತ್ತಿದರು. ಹಾಗಾಗಿ ಇದು ಎಡ-ಬಲದ ಜಗಳ ಅಂತ ಹೇಳಿ ತಪ್ಪಿಸಿಕೊಳ್ಳೋದಕ್ಕೆ ಬರೋದಿಲ್ಲ. ಮನುಷ್ಯರಾಗಿರೋದಕ್ಕೆ ಪಕ್ಷ ಬೇಕಾಗಿಲ್ಲ.

ಇಪ್ಪತ್ತು ದಿನ ಬಿಟ್ಟು ಮಿಲ್ಕ್ ಸತ್ತ.

ಸರಿ, ಅಲ್ಲಿಯ ಕಥೆ ಆಯ್ತು. ಈಗ ಇಲ್ಲಿಗೆ ಬನ್ನಿ.

4/10

ಈ ಫೋಟೋ ಹೆದ್ದಾರಿ ಬದಿಯ ಬಸ್‌ಸ್ಟಾಪು. ಬೆಳಿಗ್ಗೆ ಎಂಟೂವರೆ. ನಿಮಗೆಲ್ಲ ಗೊತ್ತಿರೋ ಜಾಗ, ಗೊತ್ತಿರೋ ಹೊತ್ತು.

ಕರ್ಕಿಯಲ್ಲೂ ಒಂದು ಪ್ರೊಪೊಸಿಷನ್ 6 ಇದೆ. ಯಾರೂ ಬರೆದಿಟ್ಟಿಲ್ಲ, ಯಾರೂ ವೋಟು ಹಾಕಿಲ್ಲ, ಆದ್ರೂ ಎಲ್ಲರಿಗೂ ಬಾಯಿಪಾಠ.

ಕಲಂ ಒಂದು: ಹುಡುಗ ಸ್ವಲ್ಪ ಮೆತ್ತಗೆ ಮಾತಾಡಿದ್ರೆ, ಕೈ ಆಡಿಸಿ ಮಾತಾಡಿದ್ರೆ, ಕ್ರಿಕೆಟ್ ಆಡದೆ ರಂಗೋಲಿ ಹಾಕಿದ್ರೆ, ಅವನಿಗೆ ಒಂದು ಹೆಸರು ಇಡಬೇಕು. ಕಲಂ ಎರಡು: ಆ ಹೆಸರಿಂದ ಕರೆದಾಗ ಎಲ್ಲರೂ ನಗಬೇಕು. ಕಲಂ ಮೂರು: ಯಾರಾದ್ರೂ “ಬಿಡ್ರೋ ಅವನನ್ನ” ಅಂದ್ರೆ, ಆ ಹೆಸರು ಅವನಿಗೂ ಅಂಟುತ್ತೆ. “ಓಹೋ, ನಿಂಗ್ಯಾಕೆ ಉರಿ? ನಿನ್ನ ಜೋಡಿನಾ?”

ಈ ಮೂರನೇ ಕಲಮನ್ನೇ ಗಮನಿಸಿ. ಬ್ರಿಗ್ಸ್ ಹಾಕಿದ ಕೊಕ್ಕೆ ಇದೇ. ಅವನಿಗೆ ವೋಟು, ಪ್ರಚಾರ, ದುಡ್ಡು ಎಲ್ಲ ಬೇಕಾಯ್ತು. ನಮಗೆ ಒಂದು ನಗು ಸಾಕು.

ರೋಲ್ ನಂಬರ್ ಒಂಬತ್ತು ನೆನಪಿದೆಯಾ? ಹಾಜರಿ ಕರೆಯೋವಾಗ “ಒಂಬತ್ತು” ಅಂದ ಕೂಡಲೇ ಹಿಂದಿನ ಬೆಂಚಿಂದ ಕಿಸಕ್ ಅಂತ ಶಬ್ದ. ಆ ನಂಬರ್ ಬಂದವನು “ಪ್ರೆಸೆಂಟ್” ಹೇಳೋ ಮೊದಲೇ ಕೆಂಪಾಗೋದು. ಅವನು ಮಾಡಿದ ತಪ್ಪೇನು? ವರ್ಣಮಾಲೆಯಲ್ಲಿ ಅವನ ಹೆಸರು ಅಲ್ಲಿ ಬಂತು, ಅಷ್ಟೇ. ಒಂದು ಅಂಕೆಯನ್ನೇ ಬೈಗುಳ ಮಾಡಿಟ್ಟಿದ್ದೇವೆ. ಐದನೇ ಕ್ಲಾಸಿನ ಮಕ್ಕಳಿಗೂ ಅದರ ಅರ್ಥ ಗೊತ್ತು. ಮಗ್ಗಿ ಮರೆತಿರಬಹುದು, ಇದು ಮರೆಯೋದಿಲ್ಲ.

“ತಮಾಷೆಗೆ ಮಾರಾಯ, ಅಷ್ಟು ಸೀರಿಯಸ್ ಎಂತಕ್ಕೆ?” ಅಂತ ಕೇಳ್ತೀರಿ, ಗೊತ್ತು. ತಮಾಷೆ ಅಂದ್ರೆ ಇಬ್ಬರೂ ನಗಬೇಕು. ಒಬ್ಬ ನಗ್ತಾ ಇನ್ನೊಬ್ಬ ಬಸ್‌ಸ್ಟಾಪ್ ಬದಲಾಯಿಸಿದ್ರೆ ಅದು ತಮಾಷೆ ಅಲ್ಲ.

5/10

ಬಸ್‌ಸ್ಟಾಪ್ ಬದಲಾಯಿಸಿದವನೊಬ್ಬ ಇದ್ದ.

ನನ್ನ ಜೊತೆ ಓದಿದವನು. ಎಲ್ಲಿ, ಯಾವಾಗ ಅಂತ ಹೇಳೋದಿಲ್ಲ. ಒಂದೆರಡು ವಿವರ ಬೇಕಂತಲೇ ಬದಲಾಯಿಸಿದ್ದೇನೆ. ನಮ್ಮೂರ ಸ್ಟಾಪಲ್ಲಿ ಬಸ್ ಹತ್ತೋದು ಬಿಟ್ಟು, ದಿನಾ ಮುಂದಿನ ಸ್ಟಾಪಿನ ತನಕ ನಡೆದು ಹೋಗೋಕೆ ಶುರು ಮಾಡಿದ. ಮಳೆಗಾಲದಲ್ಲೂ. ಹೆದ್ದಾರಿಯಲ್ಲಿ ಲಾರಿ ಹೋದಾಗ ಕೆಸರು ಹಾರಿ ಪ್ಯಾಂಟು ಪೂರ್ತಿ ಒದ್ದೆ. ಕ್ಲಾಸಿಗೆ ಲೇಟು. ಲೇಟ್ ಆದ್ದಕ್ಕೆ ಮತ್ತೆ ಬೈಗುಳ. ಕೊನೆಗೆ ಬರೋದೇ ಬಿಟ್ಟ. ಈಗ ಬೆಂಗಳೂರಲ್ಲಿದ್ದಾನೆ ಅಂತ ಕೇಳಿದ್ದೇನೆ.

ಅವನಿಗೆ ಒಂದು ಹೆಸರು ಇತ್ತು. ಯಕ್ಷಗಾನದ ಒಂದು ಸ್ತ್ರೀಪಾತ್ರದ ಹೆಸರು. ಒಂದು ರಾತ್ರಿ ಆಟ ನೋಡಿ ಬಂದು, ಮಾರನೇ ದಿನ ಯಾರೋ ಅವನ ನಡಿಗೆಗೆ ಆ ಹೆಸರು ಇಟ್ಟರು. ಮಧ್ಯಾಹ್ನದ ಒಳಗೆ ಇಡೀ ಕ್ಲಾಸು ಕರೀತಿತ್ತು.

ಇಟ್ಟವನು ನಾನೇ.

ಆ ಹೆಸರನ್ನು ಇಲ್ಲಿ ಬರೆಯೋದಿಲ್ಲ. ಬರೆದ್ರೆ ಇನ್ನೊಂದು ಸಲ ಕರೆದ ಹಾಗೆ.

ಅವನು ಗೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ. ನಡಿಗೆ ನೋಡಿ ನಾವೇ ತೀರ್ಪು ಕೊಟ್ಟಿದ್ದೆವು. ಮೆತ್ತಗೆ ಮಾತಾಡೋ ಎಷ್ಟೋ ಗಂಡಸರು ಗೇ ಅಲ್ಲ. ಮೀಸೆ ತಿರುವಿ ಬುಲೆಟ್ ಓಡಿಸೋ ಎಷ್ಟೋ ಗಂಡಸರು ಗೇ ಇರ್ತಾರೆ. ನಡಿಗೆಯಿಂದ ಇದು ಗೊತ್ತಾಗೋದಿಲ್ಲ. ಗೊತ್ತಾದ್ರೂ ನಮಗೆ ಅದರಿಂದ ಎಂತ ಆಗಬೇಕು?

ಇದನ್ನು ಹಾಕೋ ಮೊದಲು ಅವನ ಹಳೇ ನಂಬರಿಗೆ ಮೆಸೇಜ್ ಮಾಡಿದೆ. ಕ್ಷಮೆ ಕೇಳಿದೆ, ಹೀಗೊಂದು ಬರೀತಿದ್ದೇನೆ, ಬೇಡ ಅಂದ್ರೆ ಹಾಕೋದಿಲ್ಲ ಅಂದೆ. ಎರಡು ದಿನ ಬಿಟ್ಟು ಒಂದೇ ಸಾಲು ಬಂತು: “ನನ್ನ ಹೆಸರು ಹಾಕಬೇಡ.” ಕ್ಷಮಿಸಿದ್ದೇನೆ ಅಂತ ಬರೆದಿರಲಿಲ್ಲ. ಬರೀಬೇಕು ಅಂತ ಕೇಳೋ ಹಕ್ಕೂ ನನಗಿಲ್ಲ.

ಯಾರು ಅಂತ ಗೊತ್ತಾದವರು ಕಮೆಂಟಲ್ಲಿ ಊಹೆ ಮಾಡಬೇಡಿ. ಮಾಡಿದ್ರೆ ಡಿಲೀಟ್, ಬ್ಲಾಕ್. ದೋಸ್ತಿ ಗೀಸ್ತಿ ನೋಡೋದಿಲ್ಲ.

“ನಮ್ಮಲ್ಲಿ ಅಂಥವರು ಯಾರಿದ್ದಾರೆ” ಅಂತ ಕೇಳಿದೆಯಲ್ಲ ದೋಸ್ತ? ಇದ್ದವರು ಹೇಗೆ ಕಾಣಿಸ್ತಾರೆ? ಕಾಣಿಸಿಕೊಂಡವನನ್ನು, ಹೌದೋ ಅಲ್ಲವೋ ವಿಚಾರಿಸದೆ, ನಾವು ಓಡಿಸಿದ್ದು ಹೀಗೆ.

6/10

ಈಗ ಆಟದ ವಿಷಯ. ಫೋಟೋ ಗದ್ದೆಯಲ್ಲಿ ಹಾಕಿದ ರಂಗಸ್ಥಳದ್ದು, ಹೋದ ವರ್ಷದ್ದು.

ಕರ್ಕಿಯವರಿಗೆ ಯಕ್ಷಗಾನದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಸ್ಯಗಾರ ಮನೆತನದ ಊರು ನಮ್ಮದು. ಬಡಗು ತಿಟ್ಟಿನ ಬಗ್ಗೆ ಎಲ್ಲಿ ಮಾತು ಬಂದ್ರೂ ಕರ್ಕಿ ಮೇಳದ ಹೆಸರು ಬರುತ್ತೆ. ಮೀಸೆ ಬೋಳಿಸಿ, ಸೀರೆ ಉಟ್ಟು, ಮಲ್ಲಿಗೆ ಮುಡಿದು ಗಂಡಸು ರಂಗಕ್ಕೆ ಬಂದ್ರೆ ನಮಗೆ ವಿಚಿತ್ರ ಅನಿಸೋದೇ ಇಲ್ಲ. ರಾತ್ರಿ ಎರಡು ಗಂಟೆಗೂ ನಿದ್ದೆಗಣ್ಣು ಬಿಟ್ಟು ಎದ್ದು ಕೂತು ನೋಡ್ತೇವೆ. “ಎಂಥ ಒನಪು! ಎಂಥ ಮಾತು!” ಅಂತ ಅಜ್ಜಂದಿರು ತಲೆದೂಗ್ತಾರೆ. ವಿಷ್ಣು ಮೋಹಿನಿಯಾಗಿ ಭಸ್ಮಾಸುರನನ್ನು ಕುಣಿಸ್ತಾನೆ. ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ವಿರಾಟನ ಮಗಳಿಗೆ ನಾಟ್ಯ ಕಲಿಸ್ತಾನೆ. ಚಪ್ಪಾಳೆ.

ಬೆಳಿಗ್ಗೆ ಆರಕ್ಕೆ ಆಟ ಮುಗೀತು. ಎಂಟೂವರೆಗೆ ಬಸ್‌ಸ್ಟಾಪು. ಅದೇ ನಡಿಗೆ ಇರೋ ಹುಡುಗ ಬಂದ. ಸೀಟಿ.

ಒಂದು ಮಾತು ಸ್ಪಷ್ಟವಾಗಿರಲಿ, ಇದನ್ನು ತಿರುಚಬೇಡಿ. ಸ್ತ್ರೀವೇಷ ಮಾಡೋ ಕಲಾವಿದರು ಗೇ ಅಂತ ನಾನು ಹೇಳ್ತಿಲ್ಲ. ಅವರ ಖಾಸಗಿ ಬದುಕು ನನ್ನ ವಿಷಯವೇ ಅಲ್ಲ. ವೇಷ ಅವರ ವಿದ್ಯೆ, ವರ್ಷಗಟ್ಟಲೆ ಕಲಿತದ್ದು. ನಾನು ಮಾತಾಡ್ತಿರೋದು ರಂಗಸ್ಥಳದ ಮೇಲಿನವರ ಬಗ್ಗೆ ಅಲ್ಲ, ಕೆಳಗೆ ಕೂತ ನಮ್ಮ ಬಗ್ಗೆ.

“ನಮ್ಮ ಸಂಸ್ಕೃತಿಯಲ್ಲಿ ಎಲ್ಲ ಇತ್ತು, ನಾವು ಮೊದಲಿಂದಲೂ ಉದಾರಿಗಳು” ಅಂತಲೂ ನಾನು ಹೇಳೋದಿಲ್ಲ. ಅದೂ ಸುಳ್ಳೇ. ಕಥೆಯಲ್ಲಿದ್ರೆ, ದೇವರಾದ್ರೆ, ವೇಷ ಆದ್ರೆ ಒಪ್ಪಿಗೆ. ಯಾಕಂದ್ರೆ ಬೆಳಗಾದ್ರೆ ಬಣ್ಣ ತೆಗೀತಾರೆ ಅನ್ನೋ ಧೈರ್ಯ ನಮಗೆ. ಬಣ್ಣ ಹಚ್ಚದೇ ಹಾಗಿರೋನು ಎದುರಿಗೆ ಬಂದ್ರೆ ತಡ್ಕೊಳ್ಳೋಕೆ ಆಗೋದಿಲ್ಲ.

ಶನಿವಾರ ನಾವು ಮಾಡಿದ್ದೂ ಅದೇ. ಸ್ಕ್ರೀನಲ್ಲಿ ಸತ್ತ ಅಮೆರಿಕದ ಗೇ ಮನುಷ್ಯನಿಗೆ ಕಣ್ಣೀರು. ಪಕ್ಕದ ಬೆಂಚಿನವನಿಗೆ ಅಡ್ಡಹೆಸರು.

7/10

“ಇದೆಲ್ಲ ಫಾರಿನ್ ಸಂಸ್ಕೃತಿ.” ಈ ಕಮೆಂಟು ಬರೋದು ಗ್ಯಾರಂಟಿ, ಹಾಗಾಗಿ ಮೊದಲೇ ಉತ್ತರ.

ಫಾರಿನ್ನಿಂದ ಬಂದದ್ದು ಪ್ರೀತಿ ಅಲ್ಲ, ಅದನ್ನು ಅಪರಾಧ ಮಾಡಿದ ಕಾನೂನು. ಐಪಿಸಿ 377ನೇ ಕಲಂ ಬ್ರಿಟಿಷರು ಬರೆದದ್ದು, 1860ರಲ್ಲಿ. ಅವರು ಹೋಗಿ ಎಪ್ಪತ್ತು ವರ್ಷ ಆದ್ರೂ ನಾವು ಅದನ್ನು ಜೋಪಾನವಾಗಿ ಇಟ್ಕೊಂಡಿದ್ದೆವು. 2009ರಲ್ಲಿ ದೆಹಲಿ ಹೈಕೋರ್ಟು, ವಯಸ್ಕರು ಒಪ್ಪಿ ಖಾಸಗಿಯಾಗಿ ಇದ್ದದ್ದು ಅಪರಾಧ ಅಲ್ಲ ಅಂದಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿ ಮತ್ತೆ ಅಪರಾಧ ಮಾಡಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳು ಅಪರಾಧ ಅಲ್ಲ ಅಂತ ತೀರ್ಮಾನ ಕೊಟ್ಟರು. ಈ ಜನರಿಗೆ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಬರೆದರು. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ.

ಅಂದ್ರೆ 2009ರಲ್ಲಿ ಅಪರಾಧ ಅಲ್ಲ, 2013ರಲ್ಲಿ ಅಪರಾಧ, 2018ರಲ್ಲಿ ಅಲ್ಲ. ಮನುಷ್ಯರು ಅವರೇ. ಬದಲಾದದ್ದು ಕಾಗದ.

“ಅದು ಕಾಯಿಲೆ.” ಇದೂ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ಇದನ್ನು ತೆಗೆದಿದೆ. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಕಾಯಿಲೆ ಅಲ್ಲ ಅಂದಿದೆ. ‘ಸರಿ ಮಾಡ್ತೇವೆ’ ಅಂತ ಚಿಕಿತ್ಸೆ ಕೊಡೋದು ವೃತ್ತಿಗೆ ವಿರುದ್ಧವಾದ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಡಾಕ್ಟರುಗಳಿಗೆ ತಿಳಿಸಿದೆ. ಹಾಗಾಗಿ ಯಾರಾದ್ರೂ ‘ಗುಣ ಮಾಡ್ತೇನೆ’ ಅಂದ್ರೆ ಅವರಿಗೆ ದುಡ್ಡು ಕೊಡಬೇಡಿ, ಮಗನನ್ನಂತೂ ಕೊಡಲೇಬೇಡಿ.

ಇನ್ನೊಂದು, ನಮ್ಮ ಭಾಷೆ ಬಗ್ಗೆ. ‘ಸಲಿಂಗಕಾಮಿ’ ಅಂತೇವೆ. ಕಾಮ ಮಾತ್ರ ಕಾಣ್ತದೆ ಆ ಪದದಲ್ಲಿ. ಪಕ್ಕದ ಮನೆ ಗಂಡ-ಹೆಂಡತಿಯನ್ನು ಯಾರಾದ್ರೂ ‘ಭಿನ್ನಲಿಂಗಕಾಮಿಗಳು ಸಂತೆಗೆ ಹೊರಟರು’ ಅಂತಾರಾ? ಅವರಿಗೆ ಸಂಸಾರ, ಇವರಿಗೆ ಕಾಮ. ಸಲಿಂಗಪ್ರೇಮಿ ಅನ್ನಿ. ಗೇ ಅನ್ನಿ. ಎಲ್ಲಕ್ಕಿಂತ ಒಳ್ಳೇದು, ಅಪ್ಪ-ಅಮ್ಮ ಇಟ್ಟ ಹೆಸರು ಹಿಡಿದು ಕರೀರಿ.

8/10

“ಕನ್ನಡದಲ್ಲಿ, ಇಂಡಿಯಾದಲ್ಲಿ ಇಂಥ ಸಿನಿಮಾ ಬಂದಿದೆಯಾ?” ಅಂತ ಮೆತ್ತಿಯ ಮೇಲೆ ಒಬ್ಬ ಕೇಳಿದ್ದ. ಬಂದಿದೆ.

ಮಧ್ಯಪ್ರದೇಶದ ಸೊಹಾಗ್‌ಪುರದಿಂದ ಶಬನಂ ಮೌಸಿ ಶಾಸಕಿಯಾಗಿ ಗೆದ್ದರು. ಹಿಜಡಾ ಸಮುದಾಯದವರು. ಅವರ ಬದುಕಿನ ಮೇಲೆ 2005ರಲ್ಲಿ ಹಿಂದಿ ಸಿನಿಮಾ ಬಂತು, ಆಶುತೋಷ್ ರಾಣಾ ಆ ಪಾತ್ರ ಮಾಡಿದರು. ಕನ್ನಡದಲ್ಲಿ 2015ರ ‘ನಾನು ಅವನಲ್ಲ ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧಾರ, ಬಿ.ಎಸ್. ಲಿಂಗದೇವರು ನಿರ್ದೇಶನ. ಅದರಲ್ಲಿ ನಟಿಸಿದ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಸಿನಿಮಾ ನೋಡಿದವರು ಎಷ್ಟು ಜನ? ಪ್ರಾಮಾಣಿಕವಾಗಿ ಕೈ ಎತ್ತಿ.

ಟ್ರಾನ್ಸ್‌ಜೆಂಡರ್ ಮತ್ತು ಗೇ ಒಂದೇ ಅಲ್ಲ, ತಿಳ್ಕೊಳ್ಳಿ. ನಾನು ಗಂಡೋ ಹೆಣ್ಣೋ ಅನ್ನೋದು ಒಂದು, ನಾನು ಯಾರನ್ನು ಪ್ರೀತಿಸ್ತೇನೆ ಅನ್ನೋದು ಇನ್ನೊಂದು. ಸೀಟಿ ಹೊಡೆಯೋರಿಗೆ ಆ ವ್ಯತ್ಯಾಸ ಗೊತ್ತಿಲ್ಲ, ಎಲ್ಲರಿಗೂ ಒಂದೇ ಸೀಟಿ. ಹಾಗಾಗಿ ಎರಡೂ ಇಲ್ಲಿ ಒಟ್ಟಿಗೆ ಬಂತು.

ಮಂಜಮ್ಮ ಜೋಗತಿ ಅವರ ವಿಡಿಯೋ ನೆನಪಿದೆಯಲ್ಲ? 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ನಮ್ಮ ಮನೆಯ ಗ್ರೂಪಲ್ಲೂ ಆ ವಿಡಿಯೋ ಬಂತು, ಎಲ್ಲರೂ ಕೈ ಮುಗಿಯೋ ಇಮೋಜಿ ಹಾಕಿದರು. ಆದ್ರೆ ಬಳ್ಳಾರಿ ಕಡೆಯ ಹಳ್ಳಿಯಲ್ಲಿ ಅವರು ಹುಡುಗನಾಗಿ ಬೆಳೆಯುವಾಗ, ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡುವಾಗ, ಅವರ ಸುತ್ತ ಇದ್ದವರು ಯಾರು? ರಾಕ್ಷಸರಲ್ಲ. ನಮ್ಮಂಥವರೇ. ಕೈ ಮುಗಿಯೋ ಇಮೋಜಿ ಹಾಕೋ ಜನರೇ.

ಪ್ರಶಸ್ತಿ ಬಂದಮೇಲೆ ‘ನಮ್ಮವರು’ ಅನ್ನೋದು ಸುಲಭ. ಕಾಸರಕೋಡ ಟೊಂಕದಲ್ಲಿ ಬಂದರು ಬೇಡ ಅಂತ ಮೀನುಗಾರರು ಬೀದಿಗೆ ಇಳಿದಾಗ, ದೂರದಲ್ಲಿದ್ದ ನಾವೂ ‘ನಮ್ಮವರು’ ಅಂದೆವು. ಸರಿಯಾಗೇ ಅಂದೆವು. ಹಾಗಾದ್ರೆ ನಮ್ಮದೇ ಬೆಂಚಿನ ಹುಡುಗ ಯಾರವನು?

9/10

ಈಗ ಮಿಲ್ಕ್ ಜೊತೆಗೇ ನನ್ನ ಒಂದು ಜಗಳ.

ಸಿನಿಮಾದಲ್ಲಿ ಒಂದು ಫೋನ್ ಬರುತ್ತೆ. ದೂರದ ಊರಿನ ಹುಡುಗ. ನಾಳೆ ನನ್ನನ್ನು ಆಸ್ಪತ್ರೆಗೆ ಹಾಕ್ತಾರೆ, ಸರಿ ಮಾಡಿಸ್ತಾರಂತೆ ಅಂತ ಅಳ್ತಾನೆ. ಮಿಲ್ಕ್ ಹೇಳ್ತಾನೆ: ನಿನ್ನಲ್ಲಿ ಏನೂ ತಪ್ಪಿಲ್ಲ, ಬಸ್ ಹತ್ತು, ದೊಡ್ಡ ನಗರಕ್ಕೆ ಹೋಗು. ಹುಡುಗ, ನಂಗೆ ನಡೆಯೋಕೆ ಆಗೋದಿಲ್ಲ ಅಂತಾನೆ. ಕ್ಯಾಮೆರಾ ಹಿಂದೆ ಸರಿದಾಗ ನೋಡ್ತೇವೆ, ವೀಲ್‌ಚೇರಲ್ಲಿ ಕೂತಿದ್ದಾನೆ.

ಮಿಲ್ಕ್ ಎರಡು ಸಲಹೆ ಕೊಡ್ತಿದ್ದ. ಒಂದು, ಊರು ಬಿಡು. ಎರಡು, ಎಲ್ಲರಿಗೂ ಹೇಳು: ಮನೆಯವರಿಗೆ, ಗೆಳೆಯರಿಗೆ, ಕೆಲಸದ ಜಾಗದಲ್ಲಿ. ತಮಗೆ ಗೊತ್ತಿರೋ ಒಬ್ಬ ಗೇ ಇದ್ದಾನೆ ಅಂತ ತಿಳಿದ ಮನುಷ್ಯ ಗೇ ಜನರ ವಿರುದ್ಧ ವೋಟು ಹಾಕೋದು ಕಷ್ಟ ಅನ್ನೋದು ಅವನ ಲೆಕ್ಕ. ಆ ಲೆಕ್ಕ ಸರಿ ಇತ್ತು, ಪ್ರೊಪೊಸಿಷನ್ 6 ಸೋತಿತು.

ಆದ್ರೆ ಕರ್ಕಿಯಂಥ ಊರಲ್ಲಿ ಹದಿನೇಳು ವರ್ಷದ ಹುಡುಗನಿಗೋ ಹುಡುಗಿಗೋ ‘ಧೈರ್ಯ ಮಾಡಿ ಹೇಳು’ ಅನ್ನೋಕೆ ನನ್ನ ಬಾಯಿ ಬರೋದಿಲ್ಲ. ಇಲ್ಲಿ ಮನೆ, ಫೀಸು, ಊಟ, ಮೊಬೈಲ್ ರೀಚಾರ್ಜ್ ಎಲ್ಲ ಅಪ್ಪನ ಕೈಯಲ್ಲಿ. ಬೆಳಿಗ್ಗೆ ಹೇಳಿದ್ದು ಸಂಜೆಯೊಳಗೆ ಹಳದೀಪುರ ಮುಟ್ಟಿರುತ್ತೆ. ಹುಡುಗಿಯಾದ್ರೆ ತಿಂಗಳಲ್ಲಿ ಮದುವೆ ಗೊತ್ತು ಮಾಡ್ತಾರೆ. ಕಾನೂನೂ ಅರ್ಧ ದಾರಿಯಲ್ಲೇ ನಿಂತಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇವರಿಗೆ ಮದುವೆಯ ಹಕ್ಕು ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು.

ಊರು ಬಿಡು ಅನ್ನೋದೂ ಹಾಗೇ. ಬೆಂಗಳೂರಲ್ಲಿ ಜಾಗ ಇದೆ, ನಿಜ. 1994ರಿಂದ ‘ಗುಡ್ ಆ್ಯಸ್ ಯೂ’ ಗುಂಪು ಸೇರ್ತಿದೆ, 1999ರಿಂದ ‘ಸಂಗಮ’ ಇದೆ, 2008ರಿಂದ ಪ್ರೈಡ್ ಮೆರವಣಿಗೆ ನಡೀತಿದೆ. ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆ ಮೆಜೆಸ್ಟಿಕ್. ಆದ್ರೆ ಸಮುದ್ರ, ಅಮ್ಮನ ಕೈ ಅಡುಗೆ, ಆಟ, ಊರ ಜಾತ್ರೆ, ಎಲ್ಲ ಬಿಟ್ಟು ಹೋಗೋದು ಅವನೇ ಯಾಕೆ? ಕೀಟಲೆ ಮಾಡಿದವನು ಇಲ್ಲೇ ಆರಾಮಾಗಿ ಇರ್ತಾನೆ. ನಾನಿದ್ದೇನಲ್ಲ!

ಆ ಫೋನಿನ ಹುಡುಗ ಕೊನೆಯಲ್ಲಿ ಮತ್ತೆ ಫೋನ್ ಮಾಡ್ತಾನೆ, ಲಾಸ್ ಏಂಜಲಿಸಿಂದ. ಬದುಕಿದ್ದಾನೆ. ಹೇಗೆ ಬಂದೆ ಅಂದ್ರೆ, ಒಬ್ಬ ಗೆಳೆಯ ಬಸ್ ಹತ್ತಿಸಿದ. ಆ ಗೆಳೆಯನಿಗೆ ಸಿನಿಮಾದಲ್ಲಿ ಮುಖ ಇಲ್ಲ. ಒಂದು ವಾಕ್ಯದಲ್ಲಿ ಬಂದು ಹೋಗ್ತಾನೆ. ನಮ್ಮಲ್ಲಿ ಹೆಚ್ಚಿನವರು ಹಾರ್ವಿ ಮಿಲ್ಕ್ ಆಗೋದಿಲ್ಲ. ಆ ಗೆಳೆಯ ಆಗಬಹುದು. ಒಂದೇ ವ್ಯತ್ಯಾಸ: ನಾವು ಬಸ್ ಹತ್ತಿಸೋದು ಬೇಡ, ನಮ್ಮ ಸ್ಟಾಪಲ್ಲಿ ಅವನ ಪಕ್ಕ ನಿಲ್ಲೋಣ.

10/10

ಹಾಗಾಗಿ ‘ಬಾಯಿ ಬಿಡು’ ಅಂತ ನಾನು ಹೇಳೋದು ಮುಚ್ಚಿಟ್ಟುಕೊಂಡವರಿಗೆ ಅಲ್ಲ. ಅವರು ಯಾವಾಗ, ಯಾರಿಗೆ ಹೇಳಬೇಕು, ಹೇಳಬೇಕೋ ಬೇಡವೋ ಅವರಿಗೆ ಬಿಟ್ಟದ್ದು. ಬಾಯಿ ಬಿಡಬೇಕಾದ್ದು ನಾವು, ಈ ತನಕ ನಗ್ತಾ ಕೂತವರು.

ಮೂರೇ ಕೆಲಸ. ದುಡ್ಡು ಬೇಡ, ಮೆರವಣಿಗೆ ಬೇಡ.

ಅಡ್ಡಹೆಸರು ಕೇಳಿದಾಗ ನಗಬೇಡಿ. ಒಬ್ಬ ನಗದಿದ್ರೆ ಸಾಕು, ಆ ಜೋಕು ಅರ್ಧ ಸಾಯ್ತದೆ.

ಎಂತಾದ್ರೂ ಒಂದು ಹೇಳಿ. “ಸಾಕು ಮಾರಾಯ” ಅಂದ್ರೂ ಸಾಕು. ಮೂರನೇ ಕಲಂ ನಿಮ್ಮ ಮೇಲೆ ಬೀಳುತ್ತೆ, ಬೀಳಲಿ. ಎಷ್ಟು ಜನರ ಮೇಲೆ ಬೀಳೋಕೆ ಸಾಧ್ಯ? ಇಡೀ ಬೆಂಚಿಗೆ ಅಡ್ಡಹೆಸರು ಬಿದ್ರೆ ಅದು ಅಡ್ಡಹೆಸರಾಗಿ ಉಳಿಯೋದಿಲ್ಲ.

ಯಾರಾದ್ರೂ ನಂಬಿ ನಿಮ್ಮ ಹತ್ತಿರ ಹೇಳಿದ್ರೆ, ಅದು ಅಲ್ಲಿಗೇ ಮುಗೀಲಿ. ಬೆಸ್ಟ್ ಫ್ರೆಂಡಿಗೂ ಬೇಡ, ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ. ಸಲಹೆ ಕೊಡೋಕೆ ಗೊತ್ತಿಲ್ಲದಿದ್ರೆ ಕೊಡಬೇಡಿ, ಕೂತು ಕೇಳಿ. ಅವರ ಮನಸ್ಸು ತೀರಾ ಕುಗ್ಗಿದೆ ಅನಿಸಿದ್ರೆ ಟೆಲಿ ಮಾನಸ್ ನಂಬರ್ 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ಈಗ ನೀವು ಟೈಪ್ ಮಾಡ್ತಿರೋ ಪ್ರಶ್ನೆ ನಂಗೆ ಗೊತ್ತು. “ಇಷ್ಟೆಲ್ಲ ಬರೀತೀಯಲ್ಲ, ನೀನು ಗೇನಾ?”

ಉತ್ತರ ಹೇಳೋದಿಲ್ಲ. ‘ಹೌದು’ ಅಂದ್ರೆ ‘ಅದಕ್ಕೇ ಬರೆದ’ ಅಂತೀರಿ. ‘ಅಲ್ಲ’ ಅಂದ್ರೆ, ನೋಡು ನಾನು ಅವರಂಥವನಲ್ಲ ಅಂತ ಕೈ ತೊಳ್ಕೊಂಡ ಹಾಗೆ ಆಗುತ್ತೆ. ಎರಡೂ ಬೇಡ. ಒಬ್ಬನ ಪರ ಮಾತಾಡೋಕೆ ಅವನ ಹಾಗೇ ಇರಬೇಕು ಅನ್ನೋದೇ ಬ್ರಿಗ್ಸ್‌ನ ಕೊಕ್ಕೆ. ಆ ಪ್ರಶ್ನೆ ಕೇಳೋ ಖುಷಿ ನಿಮಗಿರಲಿ, ನಂಗೆ ಹೆದರಿಕೆ ಇಲ್ಲ.

ಮೊದಲ ಪೋಸ್ಟಿನ ದೋಸ್ತ, ನಿಂಗೆ: ನಮ್ಮೂರಿಗೆ ಎಂತಕ್ಕೆ ಅಂದೆಯಲ್ಲ, ಇದಕ್ಕೇ. ಸಿಟ್ಟು ಬಂದ್ರೆ ಡಿಎಂ ಮಾಡಬೇಡ, ಮನೆಗೆ ಬಾ. ಚಾ ಕುಡೀತಾ ಜಗಳ ಆಡೋಣ.

ಮುಂದಿನ ಶನಿವಾರ ಮತ್ತೆ ಮೆತ್ತಿಯ ಮೇಲೆ ಸಿನಿಮಾ. ‘ನಾನು ಅವನಲ್ಲ ಅವಳು’. ರಾತ್ರಿ ಎಂಟಕ್ಕೆ. ಐದು ಜನಕ್ಕೆ ಜಾಗ ಇದೆ. ಆರನೆಯವರು ಬರೋದಾದ್ರೆ ಚಾಪೆ ತನ್ನಿ.

#ಕರ್ಕಿ #ಹೊನ್ನಾವರ #ಕುಮಟಾ #ಮಿಲ್ಕ್‌ಸಿನಿಮಾ #ಮೆತ್ತಿಸಿನಿಮಾ #ಸಾಕುಮಾರಾಯ